ಕಡಲಿನ ಆಟಕ್ಕೆ ಬಿರುಗಾಳಿ ಬೇಕೆ?

ಆಟಕ್ಕೂ ಅದೃಷ್ಟಕ್ಕೂ ಇರುವ ನಂಟು ಇಂದು ನೆನ್ನೆಯದಲ್ಲ. ನಮ್ಮ ಹಿರಿಯರು ಪಗಡೆಯ ಹಾಸನ್ನು ಹಾಸಿ ದಾಳ ಉರುಳಿಸಿದರು. ಜಗಲಿಯ ಮೇಲೆ ಚೌಕಾಬಾರದ ಮನೆಗಳನ್ನು ಗೀಚಿ ಕವಡೆ ಬೀಸಿದರು. ಅದೇ ಹಿರಿಯರು ಚದುರಂಗವನ್ನೂ ಆಡಿದರು. ಚದುರಂಗವೆಂದರೆ ಬರಿಯ ಬುದ್ಧಿಯ ಆಟ, ಅದರಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ ಎಂದು ನಾವು ತಿಳಿದಿದ್ದೇವೆ. ಆದರೆ ಹನ್ನೊಂದನೆಯ ಶತಮಾನದಲ್ಲಿ ಭರತಖಂಡದ ವಿಚಾರವಾಗಿ ಬರೆದ ಅಲ್ಬೆರೂನಿ, ನಾಲ್ಕು ಜನ ಕುಳಿತು ದಾಳವನ್ನು ಹಾಕಿ ಆಡುತ್ತಿದ್ದ ಚದುರಂಗವನ್ನೂ ಇಲ್ಲಿ ಕಂಡು ವರ್ಣಿಸಿದ್ದಾನೆ. ಆನೆ ಕುದುರೆಗಳನ್ನು ನಡೆಸುವ ಜಾಣ್ಮೆಯೂ ದಾಳದ ಬೀಳುವಿಕೆಯೂ ಒಂದೇ ಹಲಗೆಯ ಮೇಲೆ ಒಟ್ಟಿಗೆ ಬಾಳಿದ್ದುವು ಎಂದಾಯಿತು. ಮುಂದೆ 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ದೇಶದ ಯುವ ಅಧಿಕಾರಿಗಳ ಶಿಕ್ಷಣಕ್ಕಾಗಿ ಯುದ್ಧದ ಆಟವೊಂದನ್ನು ಪ್ರಕಟಿಸಿದಾಗ ಅವನೂ ದಾಳವನ್ನು ಬಿಡಲಿಲ್ಲ. ರಣರಂಗದಲ್ಲಿ ಎಲ್ಲವೂ ಲೆಕ್ಕದಂತೆ ನಡೆಯುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಈ ಹಳೆಯ ಪ್ರಶ್ನೆ ಈಗ ಹೊಸ ವೇಷದಲ್ಲಿ ನಮ್ಮ ಮುಂದೆ ನಿಂತಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಕಂಪ್ಯೂಟರಿನ ಮೇಲೋ ಮೊಬೈಲಿನ ಮೇಲೋ ಆಡುವ ತಂತ್ರದ ಆಟಗಳಲ್ಲಿ ನಗರಗಳನ್ನು ಕಟ್ಟುತ್ತಾರೆ, ಸೈನ್ಯವನ್ನು ಕೂಡಿಸುತ್ತಾರೆ, ಹಡಗುಗಳನ್ನು ತೇಲಿಬಿಡುತ್ತಾರೆ. ಇದು ಕಾಲಹರಣವೇ ಅಲ್ಲವೇ ಎಂಬ ಚರ್ಚೆಯನ್ನು ಅಧ್ಯಾಪಕರಿಗೂ ತಂದೆತಾಯಿಗಳಿಗೂ ಬಿಡೋಣ. ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು: ಇಂತಹ ಆಟಗಳಲ್ಲಿನ ಸಮುದ್ರದಲ್ಲಿ ಬಿರುಗಾಳಿ, ಚಂಡಮಾರುತ, ಮಂಜು ಮುಂತಾದ ಪ್ರಕೃತಿಯ ಅಪಾಯಗಳು ಆಕಸ್ಮಿಕವಾಗಿ ಬಂದೆರಗಬೇಕೆ? ಅಥವಾ ಸಮುದ್ರವು ನೀಲಿ ಬಣ್ಣ ಬಳಿದ ಬಯಲಾಗಿಯೇ ಉಳಿಯಬೇಕೆ? ಪ್ರಶ್ನೆ ಚಿಕ್ಕದಾದರೂ ಅದರ ಹಿಂದೆ ಇರುವ ವಿಚಾರ ಚಿಕ್ಕದಲ್ಲವೆಂಬುದು ನನ್ನ ನಂಬಿಕೆ.

ಮೊದಲು ಆಟಗಳನ್ನು ರಚಿಸಿದವರು ಏನು ಮಾಡಿದ್ದಾರೆಂಬುದನ್ನು ನೋಡೋಣ. ಸಿಡ್ ಮೈಯರ್ ಎಂಬ ಅಮೆರಿಕದ ಆಟಗಾರಿಕೆಯ ಶಿಲ್ಪಿ 1991ರಲ್ಲಿ ಹೊರತಂದ 'ಸಿವಿಲೈಜೇಷನ್' ಎಂಬ ಆಟದಲ್ಲಿ ಟ್ರೈರೀಮ್ ಎಂಬ ಪುರಾತನ ಹುಟ್ಟಿನ ಹಡಗೊಂದಿತ್ತು. ಅದು ದಡವನ್ನು ಬಿಟ್ಟು ದೂರ ಹೋಗಿ, ಅಲ್ಲಿಯೇ ತನ್ನ ಸರದಿಯನ್ನು ಮುಗಿಸಿದರೆ, ಹೇಳದೆ ಕೇಳದೆ ಮುಳುಗಿಹೋಗುವ ಸಂಭವವಿತ್ತು. ಇದು ಮೊದಲನೆಯ ಮಾರ್ಗ: ಕಣ್ಣಿಗೆ ಕಾಣದ ದಾಳ. ಕಾಲ ಕಳೆದಂತೆ ಅದೇ ಮಾಲಿಕೆಯ ಆಟಗಳು ಈ ಅಪಾಯವನ್ನೇ ಕೈಬಿಟ್ಟು ಬೇಲಿಯೊಂದನ್ನು ಹಾಕಿದುವು. 2016ರಲ್ಲಿ ಬಂದ ಆರನೆಯ 'ಸಿವಿಲೈಜೇಷನ್'ನಲ್ಲಿ ಭೂಪಟಶಾಸ್ತ್ರವನ್ನು ಕಲಿಯುವವರೆಗೆ ಹಡಗು ಮಹಾಸಾಗರವನ್ನು ಪ್ರವೇಶಿಸುವಂತೆಯೇ ಇಲ್ಲ. ಕಲಿತ ಮೇಲೆ ನಿರಾತಂಕವಾಗಿ ಹೋಗಬಹುದು. ಇದು ಎರಡನೆಯ ಮಾರ್ಗ: ನಿಷೇಧ. 2013ರ 'ಯೂರೋಪಾ ಯೂನಿವರ್ಸಾಲಿಸ್' ಆಟದ ನಾಲ್ಕನೆಯ ಆವೃತ್ತಿಯಲ್ಲಿ ತನ್ನ ಬಂದರಿನಿಂದ ಬಹುದೂರ ಹೋದ ಹಡಗು ದಿನಕಳೆದಂತೆ ಸವೆಯುತ್ತ ಹೋಗುತ್ತದೆ. ಇದು ಮೂರನೆಯದು: ಸವಕಳಿ. ಕೊನೆಯದಾಗಿ, ಆರನೆಯ 'ಸಿವಿಲೈಜೇಷನ್'ಗೆ 2019ರ ಫೆಬ್ರವರಿಯಲ್ಲಿ ಸೇರಿದ 'ಗ್ಯಾದರಿಂಗ್ ಸ್ಟಾರ್ಮ್' ಎಂಬ ವಿಸ್ತರಣದಲ್ಲಿ ನೆರೆ, ಬರ, ಅಗ್ನಿಪರ್ವತಗಳ ಜೊತೆಗೆ ಚಂಡಮಾರುತವೂ ಬಂದಿತು. ಅದು ಭೂಪಟದ ಮೇಲೆ ಕಣ್ಣಿಗೆ ಕಾಣುವಂತೆ ಸುತ್ತುತ್ತ ಚಲಿಸಿ, ದಾರಿಯಲ್ಲಿ ಸಿಕ್ಕ ಹಡಗುಗಳನ್ನು ಜಖಂಗೊಳಿಸುತ್ತದೆ. ಪ್ರಕೋಪ ಎಷ್ಟು ಕಠಿಣವಾಗಿರಬೇಕೆಂಬುದನ್ನು ಆಟಗಾರನೇ ಮೊದಲು ಗೊತ್ತುಮಾಡಿಕೊಳ್ಳಬಹುದು. ಇದು ನಾಲ್ಕನೆಯ ಮಾರ್ಗ.

ಬಿರುಗಾಳಿ ಬೇಡವೆನ್ನುವವರ ವಾದವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಅವರು ಕೇಳುತ್ತಾರೆ: ಐದಾರು ಗಂಟೆ ತಲೆಕೆಡಿಸಿಕೊಂಡು, ಕಾಸಿಗೆ ಕಾಸು ಕೂಡಿಟ್ಟು, ನೌಕಾಬಲವನ್ನು ಕಟ್ಟಿದವನ ಹಡಗುಗಳು ಅವನ ತಪ್ಪೇನೂ ಇಲ್ಲದೆ ಒಂದೇ ಗಳಿಗೆಯಲ್ಲಿ ಮುಳುಗಿದರೆ ಅದು ನ್ಯಾಯವೆ? ಎದುರಾಳಿಯು ಸೋಮಾರಿಯಾಗಿದ್ದು, ಗಾಳಿಯ ಕೃಪೆಯಿಂದ ಗೆದ್ದರೆ ಆ ಗೆಲುವಿಗೆ ಬೆಲೆ ಏನು? ತಂತ್ರದ ಆಟವೆಂದ ಮೇಲೆ ಗೆಲುವು ತಂತ್ರಕ್ಕೆ ಸಲ್ಲಬೇಕಲ್ಲವೆ? ಲಾಟರಿಯ ಚೀಟಿಗೂ ಇದಕ್ಕೂ ವ್ಯತ್ಯಾಸವೇನು?

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಣದ ದಾಳವೊಂದು ಉರುಳಿ ಹಡಗನ್ನು ನುಂಗಿತೆಂದರೆ ಆಟಗಾರನು ಅದರಿಂದ ಕಲಿಯುವುದೇನೂ ಇಲ್ಲ. ಅವನು ಏನು ಮಾಡುತ್ತಾನೆಂಬುದನ್ನು ನಾವೆಲ್ಲ ಬಲ್ಲೆವು. ಹಿಂದಿನ ಸರದಿಯಲ್ಲಿ ಉಳಿಸಿಟ್ಟಿದ್ದ ಆಟವನ್ನು ಪುನಃ ತೆರೆದು, ಹಡಗು ಮುಳುಗಲೇ ಇಲ್ಲವೆಂಬಂತೆ ಮುಂದುವರಿಯುತ್ತಾನೆ. ಆಟಗಾರನಿಂದ ಇಂತಹ ಕಳ್ಳತನವನ್ನು ಮಾಡಿಸುವ ನಿಯಮ ಒಳ್ಳೆಯ ನಿಯಮವಲ್ಲ. ಸೋತವನು 'ಅಯ್ಯೋ, ಹೀಗೆ ಮಾಡಬಾರದಾಗಿತ್ತು' ಎಂದುಕೊಳ್ಳಬೇಕೇ ಹೊರತು 'ನನ್ನ ಹಣೆಬರಹ' ಎಂದುಕೊಳ್ಳುವಂತಾಗಬಾರದು.

ಆದರೆ ಉಳಿದರ್ಧ ಸತ್ಯ ಬೇರೆ ಇದೆ. ಗಾಳಿಯಿಲ್ಲದ ಕಡಲು ಕಡಲೇ ಅಲ್ಲ. 1588ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು ಇಂಗ್ಲೆಂಡಿನ ಮೇಲೆ ಕಳುಹಿಸಿದ ಸುಮಾರು 130 ಹಡಗುಗಳ ಅರ್ಮಾಡ ನೌಕಾಪಡೆಯಲ್ಲಿ, ಯುದ್ಧದಲ್ಲಿ ನಾಶವಾದುವುಗಳಿಗಿಂತ ಸ್ಕಾಟ್ಲೆಂಡ್ ಐರ್ಲೆಂಡ್‌ಗಳ ತೀರದ ಬಿರುಗಾಳಿಗೆ ಸಿಕ್ಕಿ ಬಂಡೆಗಳಿಗೆ ಬಡಿದು ಒಡೆದವೇ ಹೆಚ್ಚು. ಅದು ಹಾಯಿಹಡಗಿನ ಕಾಲ, ಉಗಿಯೂ ಎಣ್ಣೆಯೂ ಬಂದ ಮೇಲೆ ಆ ಭಯ ತೀರಿತು ಎನ್ನುವಂತೆಯೂ ಇಲ್ಲ. 1944ರ ಡಿಸೆಂಬರ್ 18ರಂದು, ಫಿಲಿಪೈನ್ಸ್ ದ್ವೀಪಗಳ ಪೂರ್ವಕ್ಕೆ, ಅಡ್ಮಿರಲ್ ಹಾಲ್ಸಿಯ ಕೈಕೆಳಗಿದ್ದ ಅಮೆರಿಕದ ಬಲಿಷ್ಠ ನೌಕಾಪಡೆ ಚಂಡಮಾರುತದೊಳಕ್ಕೆ ಹೊಕ್ಕು ಮೂರು ವಿಧ್ವಂಸಕ ನೌಕೆಗಳನ್ನೂ ಸುಮಾರು 790 ಜನರನ್ನೂ ಕಳೆದುಕೊಂಡಿತು. ಶತ್ರುವಿನ ಒಂದು ಗುಂಡೂ ಅವರಿಗೆ ತಾಗಿರಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಎಣ್ಣೆ ಬಹಳ ಕಡಮೆಯಾಗಿ, ಹೊಟ್ಟೆಯಲ್ಲಿ ಸಾಕಷ್ಟು ಭಾರವಿಲ್ಲದೆ ತೂಗಾಡುತ್ತಿದ್ದ ನೌಕೆಗಳಿಗೆ ಅಪಾಯ ಹೆಚ್ಚಾಯಿತು. ಗಾಳಿ ಎಲ್ಲರಿಗೂ ಒಂದೇ ಬೀಸಿತು. ಸಿದ್ಧತೆ ಮಾತ್ರ ಎಲ್ಲರದೂ ಒಂದೇ ಇರಲಿಲ್ಲ. ಬಿರುಗಾಳಿಯನ್ನು ಬರಿಯ ಅದೃಷ್ಟವೆಂದು ಕರೆಯುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ.

ಕಡಲಿನ ಅಪಾಯವು ದಾಳದಂತೆ ಕುರುಡಲ್ಲವೆಂಬುದನ್ನು ನಮ್ಮ ಪಡುವಣ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಬ್ಬೀ ಸಮುದ್ರಕ್ಕೆ ತನ್ನದೇ ಆದ ಪಂಚಾಂಗವಿದೆ. ಮುಂಗಾರಿನ ತಿಂಗಳುಗಳಲ್ಲಿ ಹಾಯಿಹಡಗುಗಳ ಓಡಾಟ ನಿಲ್ಲುತ್ತಿತ್ತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಾಭಿವೃದ್ಧಿ ಅದರ ಮುಖ್ಯೋದ್ದೇಶವಾದರೂ ದೋಣಿಗಳು ದಡದಲ್ಲಿರುವ ಕಾಲ ಕಡಲು ಕೆರಳಿರುವ ಕಾಲವೇ ಆಗಿದೆ. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಸಮುದ್ರಪೂಜೆ ಮಾಡಿ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸುವುದು ಈ ಪಂಚಾಂಗದ ಒಂದು ಹಬ್ಬ.

ಈ ಪಂಚಾಂಗವನ್ನು ತಿಳಿದವನಿಗೂ ತಿಳಿಯದವನಿಗೂ ಇರುವ ಅಂತರಕ್ಕೆ ವಾಸ್ಕೋ ಡ ಗಾಮನ ಯಾತ್ರೆಗಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. 1498ರ ಏಪ್ರಿಲಿನಲ್ಲಿ ಅವನು ಆಫ್ರಿಕದ ಮಲಿಂದಿಯಿಂದ, ದಾರಿ ಬಲ್ಲ ಮಾರ್ಗದರ್ಶಕನೊಬ್ಬನನ್ನು ಜೊತೆಗಿಟ್ಟುಕೊಂಡು ಹೊರಟು, ಅನುಕೂಲವಾದ ಗಾಳಿಯಲ್ಲಿ ನಾಲ್ಕು ವಾರಗಳೊಳಗೆ ಕಲ್ಲಿಕೋಟೆಯ ಬಳಿ ಬಂದು ತಲುಪಿದನು. ಹಿಂದಿರುಗುವಾಗ ಗಾಳಿ ತಿರುಗುವವರೆಗೆ ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯನ್ನು ಬಿಟ್ಟು, ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಕೆಲದಿನ ತಂಗಿ, ಅಕ್ಟೋಬರ್ ಮೊದಲಲ್ಲಿ ಅಲ್ಲಿಂದ ಹೊರಟನು. ಅದೇ ಕಡಲನ್ನು ದಾಟಲು ಈ ಸಲ ಸುಮಾರು ಮೂರು ತಿಂಗಳು ಹಿಡಿಯಿತು. ಗಾಳಿ ಸತ್ತು ಹಡಗುಗಳು ನಿಂತಲ್ಲೇ ನಿಂತುವು. ರಕ್ತಪಿತ್ತದ ರೋಗದಿಂದ ಸುಮಾರು 30 ಮಂದಿ ನಾವಿಕರು ಸತ್ತರು. ಸಮುದ್ರವೂ ಹಡಗುಗಳೂ ಅವೇ ಆಗಿದ್ದುವು. ಬದಲಾಗಿದ್ದುದು ಹೊರಟ ತಿಂಗಳು ಮಾತ್ರ. ಇಂತಹ ಕಡಲನ್ನು ತಂತ್ರದ ಆಟದಲ್ಲಿ ತಂದರೆ ತಂತ್ರಕ್ಕೆ ಹಾನಿಯಾಗುವುದೋ, ಇನ್ನಷ್ಟು ಆಳ ಬರುವುದೋ? ವಾಚಕರೇ ಯೋಚಿಸಲಿ.

ಋತುವಿಗೆ ಪಂಚಾಂಗವಿರುವಂತೆ ಬಿರುಗಾಳಿಗೂ ಲಕ್ಷಣಗಳಿವೆ. 'ಸೈಕ್ಲೋನ್' ಎಂಬ ಪದ ಹುಟ್ಟಿದ್ದೇ ನಮ್ಮ ದೇಶದಲ್ಲಿ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ವಿದ್ವಾಂಸನು ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ, ಅವು ಹಾವಿನ ಸುರುಳಿಯಂತೆ ಸುತ್ತುತ್ತವೆಂಬುದನ್ನು ಕಂಡು, ಗ್ರೀಕ್ ಮೂಲದಿಂದ ಆ ಹೆಸರನ್ನು ಕಟ್ಟಿದನು. 1848ರಲ್ಲಿ ಪ್ರಕಟವಾದ ಅವನ ಪುಸ್ತಕವು ನಾವಿಕರಿಗೆ ಕಲಿಸಿದ್ದು ಇದನ್ನೇ: ಗಾಳಿಯ ದಿಕ್ಕನ್ನು ನೋಡಿ ಬಿರುಗಾಳಿಯ ಕೇಂದ್ರ ಎಲ್ಲಿದೆಯೆಂದು ಊಹಿಸಿ, ಅದರಿಂದ ದೂರ ಸರಿಯುವುದು. ಕೆಲವು ವರ್ಷಗಳ ಮೇಲೆ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಇದನ್ನು ಒಂದು ಸರಳ ಸೂತ್ರವಾಗಿ ಹೇಳಿದನು. ಭೂಮಧ್ಯರೇಖೆಯ ಉತ್ತರಕ್ಕೆ, ಬೀಸುವ ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಮೆ ಒತ್ತಡದ ಕೇಂದ್ರ ನಮ್ಮ ಎಡಗಡೆಗಿರುತ್ತದೆ. ಚಂಡಮಾರುತ ಸಾಗುವ ದಾರಿಯ ಬಲಮಗ್ಗುಲು ಹೆಚ್ಚು ಅಪಾಯಕರ, ಎಡಮಗ್ಗುಲು ಸ್ವಲ್ಪ ಸೌಮ್ಯ ಎಂಬುದೂ ಉತ್ತರಾರ್ಧಗೋಳದ ನಾವಿಕರಿಗೆ ತಿಳಿದ ವಿಷಯ.

ಈಗ ಇದನ್ನು ಆಟಕ್ಕೆ ಅನ್ವಯಿಸಿ ನೋಡಿ. ಚಂಡಮಾರುತದ ಚಿತ್ರವನ್ನೇ ಭೂಪಟದ ಮೇಲೆ ಬಿಡಿಸಿ ತೋರಿಸಬೇಕಾಗಿಲ್ಲ. ಅದನ್ನು ಪೂರ್ತಿ ಬಚ್ಚಿಡಬೇಕಾಗಿಯೂ ಇಲ್ಲ. ಪ್ರತಿಯೊಂದು ಹಡಗಿನ ಪಕ್ಕದಲ್ಲಿ ಗಾಳಿಯ ದಿಕ್ಕನ್ನು ತೋರಿಸುವ ಸಣ್ಣ ಬಾಣವೊಂದನ್ನೂ ಒತ್ತಡ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಗುರುತನ್ನೂ ಇಟ್ಟರೆ ಸಾಕು. ಎರಡು ಹಡಗುಗಳು ಬೇರೆ ಬೇರೆ ಎಡೆಯಲ್ಲಿದ್ದರೆ, ಎರಡು ಬಾಣಗಳನ್ನು ಹೋಲಿಸಿ, ಬಿರುಗಾಳಿ ಎಲ್ಲಿದೆಯೆಂದು ಆಟಗಾರನೇ ಲೆಕ್ಕಹಾಕಬಹುದು. ಹಾಕಿದವನು ಬಂದರನ್ನು ಸೇರುತ್ತಾನೆ. ಹಾಕದವನು ಪೆಟ್ಟು ತಿನ್ನುತ್ತಾನೆ. ಬಿರುಗಾಳಿ ಎಲ್ಲಿ ಹುಟ್ಟಬೇಕೆಂಬುದನ್ನು ದಾಳ ನಿರ್ಧರಿಸಲಿ. ಅದರಿಂದ ಯಾರು ಕೆಡಬೇಕೆಂಬುದನ್ನು ಆಟಗಾರರ ವಿವೇಕ ನಿರ್ಧರಿಸಲಿ. ನನ್ನ ವಾದದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಇನ್ನು ಗಣಿತದ ದೃಷ್ಟಿಯಿಂದಲೂ ಸ್ವಲ್ಪ ವಿಚಾರಮಾಡೋಣ. ಹತ್ತು ತುಕಡಿಗಳ ಸೈನ್ಯವನ್ನು ಕಡಲು ದಾಟಿಸಬೇಕು. ಪ್ರತಿಯೊಂದು ಯಾನದಲ್ಲಿಯೂ ಹಡಗು ಮುಳುಗುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ. ಹತ್ತನ್ನೂ ಒಂದೇ ಹಡಗಿಗೆ ತುಂಬಿದರೆ, ನೂರಕ್ಕೆ 90 ಸಲ ಇಡಿಯ ಸೈನ್ಯ ಕ್ಷೇಮವಾಗಿ ಮುಟ್ಟುತ್ತದೆ. 10 ಸಲ ಸರ್ವನಾಶ. ಎರಡೆರಡರಂತೆ ಐದು ಹಡಗುಗಳಲ್ಲಿ ಬೇರೆ ಬೇರೆ ಕಾಲಕ್ಕೆ ಕಳುಹಿಸಿದರೆ, ಐದೂ ಸುಖವಾಗಿ ಮುಟ್ಟುವುದು ನೂರಕ್ಕೆ ಸುಮಾರು 59 ಸಲ ಮಾತ್ರ. ಆದರೆ ಐದೂ ಮುಳುಗುವ ಸಂಭವ ಲಕ್ಷಕ್ಕೆ ಒಂದು. ಸರಾಸರಿ ನಷ್ಟ ಎರಡರಲ್ಲಿಯೂ ಒಂದೇ, ಹತ್ತರಲ್ಲಿ ಒಂದು ತುಕಡಿ. ಹಾಗಾದರೆ ಯಾವುದು ಮೇಲು? ಇಂದೇ ಮುತ್ತಿಗೆ ಹಾಕಬೇಕಾದ ಅವಸರವಿದ್ದವನು ಒಂದೇ ಹಡಗನ್ನು ಆರಿಸಿಯಾನು. ರಾಜ್ಯವನ್ನು ಕಾಪಾಡಿಕೊಳ್ಳಬೇಕಾದವನು ಐದನ್ನು ಆರಿಸಿಯಾನು. ಐದನ್ನೂ ಒಂದೇ ದಿನ ಒಂದೇ ದಾರಿಯಲ್ಲಿ ಕಳುಹಿಸಿದರೆ ಒಂದೇ ಬಿರುಗಾಳಿ ಐದನ್ನೂ ಹಿಡಿದೀತು. ಆಗ ಹಂಚಿದ ಪ್ರಯೋಜನವೇ ಇಲ್ಲ. ನೋಡಿದಿರಾ! ಅಪಾಯವಿಲ್ಲದ ಆಟದಲ್ಲಿ ಹುಟ್ಟಲಾರದ ಎಷ್ಟು ತಂತ್ರಗಳು ಈ ಒಂದು ಸಣ್ಣ ಸಂಭವದಿಂದ ಹುಟ್ಟಿದುವು. ಅದೃಷ್ಟವು ತಂತ್ರದ ಶತ್ರುವೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಅಷ್ಟೇ ಅಲ್ಲ. ಮನುಷ್ಯನು ಕಡಲಿನ ಸುತ್ತ ಕಟ್ಟಿಕೊಂಡ ಅನೇಕ ವ್ಯವಸ್ಥೆಗಳು ಈ ಅಪಾಯದ ಮಕ್ಕಳೇ ಆಗಿವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಅಂಗಡಿಯಲ್ಲಿ ಹಡಗಿನ ಯಜಮಾನರೂ ವರ್ತಕರೂ ಕೂಡಿ ಮಾತನಾಡುತ್ತಿದ್ದುದರಿಂದ ನೌಕಾವಿಮೆಯ ದೊಡ್ಡ ಸಂಸ್ಥೆಯೊಂದು ಬೆಳೆಯಿತು. 1859ರಲ್ಲಿ 'ರಾಯಲ್ ಚಾರ್ಟರ್' ಎಂಬ ಹಡಗು ವೇಲ್ಸ್ ತೀರದಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತುದು, ಇಂಗ್ಲೆಂಡಿನಲ್ಲಿ ಫಿಟ್ಜ್‌ರಾಯ್ ಎಂಬ ಅಧಿಕಾರಿ 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ಏರ್ಪಾಡನ್ನು ಮಾಡಲು ಪ್ರೇರಣೆಯಾಯಿತು. 1864ರಲ್ಲಿ ಕಲ್ಕತ್ತೆಯನ್ನು ಹಾಳುಮಾಡಿದ ಚಂಡಮಾರುತವೂ ಅನಂತರದ ಕ್ಷಾಮಗಳೂ ನಮ್ಮ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಗುವುದಕ್ಕೆ ಕಾರಣವಾದುವು. ಆಟದಲ್ಲಿಯೂ ಇದೇ ನ್ಯಾಯ. 1996ರ ಎರಡನೆಯ 'ಸಿವಿಲೈಜೇಷನ್'ನಲ್ಲಿ ದೀಪಸ್ತಂಭವನ್ನು ಕಟ್ಟಿದವನ ಟ್ರೈರೀಮ್‌ಗಳು ದೂರದ ಕಡಲಲ್ಲಿ ಮುಳುಗುತ್ತಿರಲಿಲ್ಲ. ಆದುದರಿಂದ ಆ ದೀಪಸ್ತಂಭಕ್ಕೆ ಅರ್ಥವಿತ್ತು. ಮುಳುಗುವ ಭಯವಿಲ್ಲದ ಕಡಲಿನ ದಡದಲ್ಲಿ ನಿಂತ ದೀಪಸ್ತಂಭವು ಯಾರಿಗೆ ದಾರಿ ತೋರಿಸಬೇಕು? ಅದು ಬರಿಯ ಅಂಕಿಗಳನ್ನು ಕೂಡಿಸುವ ಕಟ್ಟಡವಾಗಿ ಉಳಿಯುತ್ತದೆ.

ಇಲ್ಲಿ ಒಂದು ನಿಜವಾದ ತೊಡಕುಂಟು. ಅದನ್ನು ಮರೆಮಾಚುವುದು ಸರಿಯಲ್ಲ. 'ಸಿವಿಲೈಜೇಷನ್'ನಂತಹ ಆಟದಲ್ಲಿ ಮೊದಮೊದಲ ಒಂದೊಂದು ಸರದಿಯೂ ಹತ್ತಾರು ವರ್ಷಗಳಿಗೆ ಸಮಾನ. ಹತ್ತಾರು ವರ್ಷ ಒಂದೇ ಬಿರುಗಾಳಿ ಬೀಸುತ್ತದೆಯೆ? ಮುಂಗಾರು ಹಿಂಗಾರುಗಳಿಗೆ ಅಲ್ಲಿ ಸ್ಥಳವೆಲ್ಲಿ? ಈ ಆಕ್ಷೇಪಣೆಗೆ ನನ್ನ ಉತ್ತರವಿಷ್ಟು. ಎಲ್ಲ ಆಟಕ್ಕೂ ಒಂದೇ ಗಾಳಿಯನ್ನು ಬೀಸಬೇಕಾಗಿಲ್ಲ. ದಿನ ತಿಂಗಳುಗಳ ಲೆಕ್ಕದಲ್ಲಿ ನಡೆಯುವ ಆಟಕ್ಕೆ ಋತುಗಳೂ ಚಲಿಸುವ ಚಂಡಮಾರುತಗಳೂ ಒಪ್ಪುತ್ತವೆ. ಯುಗಗಳ ಲೆಕ್ಕದಲ್ಲಿ ನಡೆಯುವ ಆಟಕ್ಕೆ, ಈ ಕಡಲು ಸೌಮ್ಯ, ಆ ಕಡಲು ಕ್ರೂರ ಎಂಬ ಸ್ಥಳಭೇದ ಸಾಕು. ಆ ಕ್ರೂರತೆಯನ್ನು ಆಟಗಾರನು ಭೂಪಟದಲ್ಲಿ ಮೊದಲೇ ಓದುವಂತಿದ್ದರೆ ನ್ಯಾಯಕ್ಕೆ ಕೊರತೆ ಬಾರದು. ಆಟದ ಕಾಲಮಾನವನ್ನು ನೋಡದೆ ಬಿರುಗಾಳಿಯನ್ನು ತಂದು ತುರುಕುವವರು ಆಟವನ್ನು ಕೆಡಿಸುತ್ತಾರೆಂಬುದನ್ನು ನಾನು ಒಪ್ಪುತ್ತೇನೆ.

ಒಟ್ಟಿನಲ್ಲಿ ಆಟ ರಚಿಸುವವರು ನಾಲ್ಕು ನಿಯಮಗಳನ್ನು ಪಾಲಿಸಿದರೆ ಸಾಕೆಂದು ತೋರುತ್ತದೆ. ಮೊದಲನೆಯದು, ಮುನ್ಸೂಚನೆಯಿಲ್ಲದೆ ಯಾವ ಪೆಟ್ಟೂ ಬೀಳಬಾರದು. ಎರಡನೆಯದು, ಸೂಚನೆ ಸಿಕ್ಕವನಿಗೆ ಮಾಡಲು ಏನಾದರೊಂದು ಕೆಲಸವಿರಬೇಕು: ಬಂದರು ಸೇರುವುದು, ಕಾಯುವುದು, ದಾರಿ ಬದಲಿಸುವುದು, ಸರಕನ್ನು ಕಡಲಿಗೆಸೆದು ಹಡಗನ್ನು ಉಳಿಸಿಕೊಳ್ಳುವುದು. ಮೂರನೆಯದು, ಕಂಪ್ಯೂಟರ್ ನಡೆಸುವ ಎದುರಾಳಿಗೂ ಮನುಷ್ಯನಿಗೂ ಒಂದೇ ಗಾಳಿ ಬೀಸಬೇಕು. ಯಂತ್ರಕ್ಕೆ ರಿಯಾಯಿತಿ ಕೂಡದು. ನಾಲ್ಕನೆಯದು, ಪ್ರಕೃತಿ ಕಿತ್ತುಕೊಳ್ಳುವಂತೆ ಕೊಡಲೂ ಬೇಕು. 2019ರ ಆ ವಿಸ್ತರಣದಲ್ಲಿ ನೆರೆ ಬಂದು ಹೋದ ಹೊಲಕ್ಕೆ ಫಲವತ್ತತೆ ಸೇರುತ್ತದೆ; ಕಡಲಿನಲ್ಲಿಯೂ ಅನುಕೂಲವಾದ ಗಾಳಿಯನ್ನು ಹಿಡಿದವನ ಹಡಗು ಬೇಗ ಸಾಗಬೇಕು. ಇಷ್ಟಾದ ಮೇಲೂ ಬೇಡವೆನ್ನುವವನಿಗೆ ಬಿರುಗಾಳಿಯನ್ನು ಆರಿಸಿಬಿಡುವ ಗುಂಡಿಯೊಂದಿರಲಿ, ಆಟ ಅವನದು.

ಇಷ್ಟು ಉದ್ದವಾಗಿ ಒಂದು ಆಟದ ಬಗ್ಗೆ ಬರೆಯಬೇಕೆ ಎಂದು ಕೆಲವರು ಕೇಳಬಹುದು. ಆಟದಲ್ಲಿ ಮುಳುಗಿದ ಹಡಗಿಗಾಗಿ ಯಾರ ಮನೆಯಲ್ಲೂ ದೀಪ ಆರುವುದಿಲ್ಲ, ನಿಜ. ಆದರೆ ಅದೃಷ್ಟವನ್ನು ಕುರಿತು ನಾವು ಆಡುವ ಮಾತುಗಳು ಆಟದಲ್ಲಿಯೇ ನಿಲ್ಲುವುದಿಲ್ಲ. ನಮ್ಮಲ್ಲಿ ಎರಡು ಬಗೆಯ ಮಾತು ಬಳಕೆಯಲ್ಲಿದೆ. ಒಬ್ಬನು 'ಎಲ್ಲವೂ ಹಣೆಬರಹ' ಎಂದು ಕೈಕಟ್ಟಿ ಕೂರುತ್ತಾನೆ. ಇನ್ನೊಬ್ಬನು 'ಎಲ್ಲವೂ ನನ್ನ ಪ್ರಯತ್ನ' ಎಂದು ಬೀಗಿ, ಸೋತವನನ್ನು ಅಯೋಗ್ಯನೆಂದು ಜರೆಯುತ್ತಾನೆ. ಕಾಣದ ದಾಳದ ಆಟ ಮೊದಲನೆಯ ಮಾತನ್ನು ಕಲಿಸುತ್ತದೆ. ಗಾಳಿಯೇ ಬೀಸದ ಆಟ ಎರಡನೆಯದನ್ನು. ಎರಡೂ ಸುಳ್ಳು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ, ದಿನಗಟ್ಟಲೆ ಮುಂಚೆಯೇ ದೂರದ ಕಡಲಿಗೆ ಹೋಗಿದ್ದ ಕೇರಳ ತಮಿಳುನಾಡುಗಳ ಮೀನುಗಾರರಿಗೆ ಎಚ್ಚರಿಕೆ ಸಕಾಲದಲ್ಲಿ ಮುಟ್ಟಲಿಲ್ಲ; ನೂರಾರು ಮಂದಿ ಹಿಂದಿರುಗಲೇ ಇಲ್ಲ. ಅವರು ಸೋಮಾರಿಗಳೆಂದು ಹೇಳುವ ಧೈರ್ಯ ಯಾರಿಗಿದೆ? ಅದು ಅವರ ಹಣೆಬರಹವೆಂದು ಹೇಳಿ ಮುಗಿಸುವುದಾದರೂ ಹೇಗೆ? ಗಾಳಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಗಾಳಿಯ ಸುದ್ದಿಯನ್ನು ದೋಣಿಗೆ ಮುಟ್ಟಿಸುವುದು ಅವನ ಕೈಯಲ್ಲಿದೆ.

ಈ ವಿವೇಕವನ್ನು ಕಲಿಸುವ ಆಟ ಕಾಲಹರಣವಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ. ಆಟದ ಕಡಲಿಗೆ ಬಿರುಗಾಳಿ ಬರಲಿ. ಆದರೆ ಮೊದಲು ಅದರ ಮೋಡ ಕಾಣಿಸಲಿ. ಮೋಡವನ್ನು ನೋಡಿ ಹಾಯಿ ಇಳಿಸಲು ಕಲಿತ ಕೈ ಆಟ ಮುಗಿದ ಮೇಲೂ ಆ ಪಾಠವನ್ನು ಮರೆಯಲಾರದು.